ಆ ಫೋಟೋ 1954ರದ್ದಲ್ಲ

ಇವತ್ತು ಒಂದೇ ಒಂದು ಫೋಟೋದ ಕಥೆ.

ಮೂರು ವರ್ಷದ ಹಿಂದೆ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ 800 ರೂಪಾಯಿಗೆ ಇದನ್ನ ತಗೊಂಡೆ. ಕಪ್ಪು-ಬಿಳುಪು. ವೇದಿಕೆ ಮೇಲೆ ಅಣ್ಣಾವ್ರು, ಬಿಳಿ ಪಂಚೆ, ಬಿಳಿ ಶರ್ಟು, ಕೊರಳಲ್ಲಿ ಹಾರ. ಪಕ್ಕದಲ್ಲಿ ಶೀಲ್ಡ್ ಹಿಡಿದು ನಿಂತ ಒಬ್ಬ ತೆಳ್ಳಗಿನ ಮನುಷ್ಯ. "'ಬೇಡರ ಕಣ್ಣಪ್ಪ' ಶತದಿನೋತ್ಸವ ಸಾರ್, 1954" ಅಂದ್ರು ಅಂಗಡಿಯವರು. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ! ಬಿಕಾಂ ಓದಿದ ನಾನು ಚೌಕಾಸಿನೂ ಮಾಡ್ಲಿಲ್ಲ.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಹಿಂದಿನ ಬ್ಯಾನರಿನಲ್ಲಿ ಅವರ ಹೆಸರಿನ ಮುಂದೆ 'ಡಾ.' ಅಂತಿದೆ. ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು 1976ರಲ್ಲಿ. ಅಂದ್ರೆ ಕನಿಷ್ಠ 22 ವರ್ಷದ ಮೋಸ. ಅಂಗಡಿಯವರಿಗೂ ಗೊತ್ತಿರಲಿಲ್ಲ ಬಿಡಿ.

ನಮ್ಮ ಸಿನಿಮಾದವರಿಗೆ ಸಮಾರಂಭಗಳಿಗೇನು ಬರ ಇರಲಿಲ್ಲ. ಮುಹೂರ್ತದಲ್ಲಿ ಕ್ಯಾಮೆರಾಗೂ ಹಾರ, ತೆಂಗಿನಕಾಯಿ, ಕ್ಲಾಪ್. ಶತದಿನೋತ್ಸವದಲ್ಲಿ ಹೀರೋಯಿಂದ ಹಿಡಿದು ಲೈಟ್‌ಮನ್‌ವರೆಗೆ ಶೀಲ್ಡ್. ಆಮೇಲೆ ಸನ್ಮಾನ, ಅಭಿನಂದನೆ. ಎಲ್ಲ ಕಡೆ ಅದೇ ಶಾಲು, ಅದೇ ಹಾರ, ಅದೇ ನಗು. ಮುಖ ನೋಡಿ ವರ್ಷ ಹೇಳೋದು ಕಷ್ಟ. ವಾಟ್ಸಾಪ್‌ನಲ್ಲಿ ಬಣ್ಣ ಬಳಿದು ಬರೋ ಫೋಟೋಗಳ ಕೆಳಗಿನ ಇಸವಿ ನಂಬಬೇಡಿ ಅನ್ನೋದು ಇದಕ್ಕೇ.

ಹಾಗಾಗಿ ನಾನೀಗ ಮೊದಲು ಫೋಟೋ ತಿರುಗಿಸಿ ನೋಡ್ತೀನಿ. ಹಿಂಬದಿಯಲ್ಲಿ ಸ್ಟುಡಿಯೋ ಮುದ್ರೆ ಇರುತ್ತೆ. ವಿಳಾಸದಲ್ಲಿ 'ಮದ್ರಾಸ್-26' ಅಂತ ಇದ್ರೆ ಗಾಬರಿ ಬೇಡ, ಅದು ತಮಿಳು ಸಿನಿಮಾದ್ದೇ ಆಗಬೇಕಿಲ್ಲ. 50-60ರ ದಶಕದಲ್ಲಿ ಕನ್ನಡ ಚಿತ್ರಗಳೂ ಬಹುಪಾಲು ಅಲ್ಲೇ ತಯಾರಾಗ್ತಿದ್ದವು. ಆರಂಕಿಯ ಪಿನ್‌ಕೋಡ್ ಇದ್ರೆ ಮುದ್ರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಪಿನ್‌ಕೋಡ್ ಬಂದಿದ್ದೇ ಅವತ್ತು. ಬ್ಯಾನರಿನಲ್ಲಿ 'ಕರ್ನಾಟಕ ಸರ್ಕಾರ' ಅಂತಿದ್ರೆ 1973ರ ನವೆಂಬರ್ ನಂತರದ್ದು, ಅಲ್ಲಿವರೆಗೆ ನಮ್ಮದು ಮೈಸೂರು ರಾಜ್ಯ. ನನ್ನ ಫೋಟೋದ ಮುದ್ರೆಯಲ್ಲೂ ಆರು ಅಂಕಿ ಇದೆ.

ಪ್ರಿಂಟ್ ಇಷ್ಟು ಮುಖ್ಯ ಯಾಕೆ ಅಂದ್ರೆ, ಎಷ್ಟೋ ಸಲ ಉಳಿದಿರೋದು ಅದೊಂದೇ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿ ಇರುತ್ತೆ. ಆ ಬೆಳ್ಳಿಗೋಸ್ಕರ ಹಳೇ ನೆಗೆಟಿವ್‌ಗಳು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋದವು. ಉಳಿದ ಪ್ರಿಂಟ್‌ಗಳನ್ನ ಅಂಟಿನ ಆಲ್ಬಮ್‌ಗಳು ತಿನ್ನುತ್ತಿವೆ. ನಿಮ್ಮನೇಲಿ ಅಂಥ ಆಲ್ಬಮ್ ಇದ್ರೆ ಇವತ್ತೇ ನೋಡಿ. ಫೋಟೋ ಅಂಟಿಕೊಂಡಿದ್ರೆ ಕೀಳೋಕೆ ಹೋಗಬೇಡಿ, ಮೊದಲು ಅಲ್ಲೇ ಒಂದು ಸ್ಕ್ಯಾನ್ ಮಾಡ್ಕೊಳ್ಳಿ.

ಹೋದ ತಿಂಗಳು ಈ ಫೋಟೋನ ನಮ್ಮ ಪೇಜ್‌ನಲ್ಲಿ ಹಾಕಿದ್ದೆ. ಕಾಮೆಂಟ್ ಮಾಡಿದವರೆಲ್ಲ ಅಣ್ಣಾವ್ರ ಬಗ್ಗೆನೇ ಬರೆದ್ರು. ಒಬ್ಬರು ಮಾತ್ರ ಇನ್‌ಬಾಕ್ಸ್‌ಗೆ ಬಂದ್ರು: "ಪಕ್ಕದಲ್ಲಿ ಶೀಲ್ಡ್ ಹಿಡಿದಿರೋದು ನಮ್ಮ ತಾತ. ಲೈಟ್‌ಮನ್ ಆಗಿದ್ರು. ನಮ್ಮನೇಲಿ ಅವರ ಫೋಟೋ ಒಂದೂ ಇಲ್ಲ. ದೊಡ್ಡದಾಗಿ ಕಳಿಸ್ತೀರಾ ಅಣ್ಣ?"

ಸ್ಕ್ಯಾನ್ ಅವತ್ತೇ ಕಳಿಸಿದೆ. ಅಸಲಿ ಪ್ರಿಂಟ್ ಕೊಡೋಕೆ ಮನಸ್ಸು ಬರಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ನಾಲ್ಕು ವಾರ ಫೈಲಿನಲ್ಲೇ ಇತ್ತು. ಈ ಭಾನುವಾರ ಅವರ ಮನೆಗೆ ಹೋಗ್ತಿದ್ದೀನಿ, ಫೋಟೋ ತಗೊಂಡೇ. ಹಿಂಬದಿಯಲ್ಲಿ ತಾತನ ಹೆಸರನ್ನ ಪೆನ್ಸಿಲ್‌ನಲ್ಲಿ ಬರೆದಿದ್ದೀನಿ.