ಒಕ್ಕೂಟದ ಹೊರಗುಳಿದವರು: ಬ್ಲ್ಯಾಕ್ ಪ್ಯಾಚ್ ಹೊಗೆಸೊಪ್ಪು ಸಂಘರ್ಷ (1904–1911)

ಅಮೆರಿಕದ ಪಶ್ಚಿಮ ಕೆಂಟಕಿಯಲ್ಲೂ ಅದಕ್ಕೆ ತಾಗಿದ ಟೆನೆಸಿಯಲ್ಲೂ ಹರಡಿದ ‘ಬ್ಲ್ಯಾಕ್ ಪ್ಯಾಚ್’ ಪ್ರದೇಶದಲ್ಲಿ ಬೆಳೆಯುತ್ತಿದ್ದ ಕಡುಬಣ್ಣದ ಹೊಗೆಸೊಪ್ಪಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೈಪೋಟಿಯ ಖರೀದಿಯೇ ಉಳಿದಿರಲಿಲ್ಲ. ಜೇಮ್ಸ್ ಡ್ಯೂಕ್‌ನ ಅಮೆರಿಕನ್ ಟೊಬ್ಯಾಕೊ ಕಂಪನಿ ಮತ್ತು ಯುರೋಪಿನ ಸರ್ಕಾರಿ ತಂಬಾಕು ಏಕಸ್ವಾಮ್ಯಗಳ ಏಜೆಂಟರು ಹಳ್ಳಿಗಳನ್ನು ತಮ್ಮತಮ್ಮೊಳಗೇ ಹಂಚಿಕೊಂಡಿದ್ದರು. ಬೆಳೆಯಲು ಪೌಂಡಿಗೆ ಸುಮಾರು 6 ಸೆಂಟ್ ತಗಲುತ್ತಿದ್ದ ಸೊಪ್ಪು ಅದಕ್ಕಿಂತ ಎಷ್ಟೋ ಕಡಿಮೆಗೆ ಹೋಗುತ್ತಿತ್ತು.

1904ರ ಸೆಪ್ಟೆಂಬರಿನಲ್ಲಿ ಗುತ್ರಿ ಪಟ್ಟಣದಲ್ಲಿ ಸೇರಿದ ಸಾವಿರಾರು ಬೆಳೆಗಾರರು ರಕ್ಷಣಾ ಸಂಘ ಕಟ್ಟಿದರು. ಎಲ್ಲರ ಸೊಪ್ಪನ್ನೂ ಒಟ್ಟಿಗೆ ದಾಸ್ತಾನು ಮಾಡಿ, ಬೆಲೆ ಕುದುರುವವರೆಗೂ ಮಾರದಿರುವುದು ಅವರ ಉಪಾಯ. ಕಂಪನಿ ಇದರ ಮರ್ಮವನ್ನು ಬೇಗನೆ ಹಿಡಿಯಿತು: ಸಂಘದ ಹೊರಗಿದ್ದವರಿಗೆ ಹೆಚ್ಚು ಬೆಲೆ ಕೊಟ್ಟಿತು. ದಾಸ್ತಾನಿನ ಸಂಕಟ ಸದಸ್ಯನದು, ಏರಿದ ಬೆಲೆಯ ಲಾಭ ಹೊರಗಿನವನದು.

ಹೊರಗುಳಿದವರನ್ನು ಬಗ್ಗಿಸಲು ರಾತ್ರಿ ದಾಳಿಯಿಡುತ್ತಿದ್ದ ‘ರಾತ್ರಿಸವಾರ’ರ ಹಿಂಸೆಯ ಬೇರು ಇಲ್ಲಿದೆ ಎಂಬುದು ನನ್ನ ವಾದ. ಡೇವಿಡ್ ಅಮಾಸ್ ಎಂಬ ವೈದ್ಯನ ಮುಂದಾಳತ್ವದ ಈ ಮುಸುಕುಧಾರಿಗಳು 1906ರ ಕೊನೆಯಲ್ಲಿ ಪ್ರಿನ್ಸ್‌ಟನ್ನಿನ ಗೋದಾಮುಗಳನ್ನು ಸುಟ್ಟರು. 1907ರ ಡಿಸೆಂಬರ್ 7ರಂದು ಹಾಪ್ಕಿನ್ಸ್‌ವಿಲ್‌ನ ಪೊಲೀಸ್ ಠಾಣೆ, ದೂರವಾಣಿ ಕಚೇರಿಗಳನ್ನು ವಶಪಡಿಸಿಕೊಂಡು ಅಲ್ಲಿಯೂ ಬೆಂಕಿಯಿಟ್ಟರು. ಚರಿತ್ರೆಕಾರರ ಕಣ್ಣು ಈ ಪಟ್ಟಣಗಳ ಮೇಲೇ ನೆಟ್ಟಿರುತ್ತದೆ. ಆದರೆ ದಿನನಿತ್ಯದ ಏಟು ಬಿದ್ದದ್ದು ನೆರೆಯ ರೈತನ ಸಸಿಮಡಿಗೆ. ಮಡಿಯನ್ನು ರಾತ್ರೋರಾತ್ರಿ ಕೆರೆದು ಹಾಕಿದರೆ ಇಡೀ ವರ್ಷದ ಬೆಳೆ ಹೋದಂತೆ. ಅಷ್ಟಕ್ಕೂ ಬಗ್ಗದವರಿಗೆ ಚಾವಟಿ ಏಟು, ಸೊಪ್ಪು ಹದಗೊಳಿಸುವ ಬ್ಯಾರನ್ನಿಗೆ ಬೆಂಕಿ.

ಇದನ್ನು ಬಡ ರೈತರ ನ್ಯಾಯವಾದ ಸಿಟ್ಟೆಂದಷ್ಟೇ ಬಣ್ಣಿಸುವ ಬರಹಗಳನ್ನು ನಾನು ಒಪ್ಪಲಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ 1908ರ ಮಾರ್ಚಿನಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಸವಾರರು ಕಪ್ಪುಜನರ ಮನೆಗಳಿಗೆ ಗುಂಡು ಹಾರಿಸಿ, ಜೀವ ತೆಗೆದು, ಉಳಿದವರನ್ನು ಊರು ಬಿಡಿಸಿದರು. ಹೊಗೆಸೊಪ್ಪಿನ ಬೆಲೆಯನ್ನು ನೆಲಕಚ್ಚಿಸಿದ್ದು ಕಂಪನಿ, ಆ ಕುಟುಂಬಗಳಲ್ಲ. ಜೊತೆಗಾರನನ್ನು ಶಿಕ್ಷಿಸಲು ಕಟ್ಟಿದ ಪಡೆಗೆ ದುರ್ಬಲನನ್ನು ಓಡಿಸುವುದು ಸುಲಭವಾಗಿತ್ತು.

ದಾಳಿಗಳನ್ನು ಹತ್ತಿಕ್ಕಲು ಕೆಂಟಕಿಯ ಗವರ್ನರ್ ವಿಲ್ಸನ್ ಸೈನ್ಯ ಕಳಿಸಿದ. ಪೀಡಿತರು ಫೆಡರಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹೂಡಿದರು. ದಾಳಿಗಳು ಇಳಿಮುಖವಾದವು. ವಿಚಾರಣೆಗೆ ಗುರಿಯಾದ ಅಮಾಸ್ 1911ರಲ್ಲಿ ಖುಲಾಸೆಯಾದ. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಡ್ಯೂಕ್‌ನ ಕಂಪನಿಯನ್ನು ಒಡೆಯಬೇಕೆಂದು ತೀರ್ಪಿತ್ತಿತು. ಆ ತೀರ್ಪು ಬಂದದ್ದು ಏಕಸ್ವಾಮ್ಯ ವಿರೋಧಿ ಕಾನೂನಿನ ಬಲದಿಂದ, ಸವಾರರ ಪಂಜುಗಳಿಂದಲ್ಲ.