ಮಹಾವೀರಾಚಾರ್ಯನ ಆಯತವೃತ್ತ

ಮೂಲಂಗಿಯನ್ನು ನೇರವಾಗಿ ಕೊಯ್ದರೆ ಬಿಲ್ಲೆಯು ದುಂಡಾಗಿರುವುದು. ಓರೆಯಾಗಿ ಕೊಯ್ದರೆ ನೀಳವಾಗುವುದು. ಇದನ್ನು ನಮ್ಮ ಗೃಹಿಣಿಯರೆಲ್ಲರೂ ಬಲ್ಲರು. ಶಂಕುವನ್ನು ಹೀಗೆ ನಾನಾ ವಿಧವಾಗಿ ಛೇದಿಸಿದಾಗ ಹುಟ್ಟುವ ದೀರ್ಘವೃತ್ತ, ಪರವಲಯ, ಅತಿಪರವಲಯಗಳನ್ನು ಕ್ರಿಸ್ತಪೂರ್ವ 200ರ ಸುಮಾರಿನಲ್ಲಿ ಯವನಪಂಡಿತನಾದ ಅಪೊಲೋನಿಯಸನು ಶಾಸ್ತ್ರವಾಗಿ ನಿರೂಪಿಸಿದನು. ನಮ್ಮ ಪ್ರಾಚೀನ ಗಣಿತಜ್ಞರು ಆ ಮಾರ್ಗವನ್ನು ಹಿಡಿದವರಲ್ಲ. ಆದರೂ ಇವುಗಳಲ್ಲಿ ಮೊದಲನೆಯದನ್ನು ಕನ್ನಡನಾಡಿನ ಆಚಾರ್ಯನೊಬ್ಬನು ಅಳೆಯಲು ಯತ್ನಿಸಿದ್ದಾನೆ.

ಆತನೇ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ. ಶ. 850ರ ಸುಮಾರಿನಲ್ಲಿ, 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ ಜೈನಪಂಡಿತ ಮಹಾವೀರಾಚಾರ್ಯ. ಈ ಆಕೃತಿಯನ್ನು ಆತನು 'ಆಯತವೃತ್ತ'ವೆಂದು ಕರೆದನು. ಅಗಲದ ವರ್ಗವನ್ನು ಆರರಿಂದ ಗುಣಿಸಿ, ಉದ್ದದ ಎರಡರಷ್ಟರ ವರ್ಗವನ್ನು ಕೂಡಿಸಿ, ವರ್ಗಮೂಲವನ್ನು ತೆಗೆದರೆ ಪರಿಧಿ. ಅದನ್ನು ಅಗಲದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ. ಇದು ಆತನ ಸೂತ್ರ.

ಉದ್ದ 10 ಅಂಗುಲ, ಅಗಲ 6 ಅಂಗುಲವಿರಲಿ. ಸೂತ್ರದಂತೆ ಪರಿಧಿಯು ಸುಮಾರು 24.8 ಅಂಗುಲ; ನಿಜವಾದದ್ದು 25.5. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಗಣನೆಗೆ ಇದು ಮೆಚ್ಚತಕ್ಕ ಸಾಮೀಪ್ಯ. ಕ್ಷೇತ್ರಫಲವಾದರೋ ಸೂತ್ರದಂತೆ ಸುಮಾರು 37.2 ಚದರ ಅಂಗುಲ, ನಿಜವಾದದ್ದು 47.1. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸುವುದು ವೃತ್ತಕ್ಕೆ ಸಲ್ಲುವ ನಿಯಮ. ಅದನ್ನೇ ನೀಳಾಕೃತಿಗೂ ಅನ್ವಯಿಸಿದ್ದರಿಂದ ಈ ದೋಷವುಂಟಾಯಿತೆಂದು ತೋರುತ್ತದೆ.

ಈ ಗ್ರಂಥದ ಕೀರ್ತಿ ಸಂಸ್ಕೃತಜ್ಞರಲ್ಲಿಯೇ ನಿಲ್ಲಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಎರಡು ನುಡಿಗಳೂ ಒಂದೇ ಜಗಲಿಯ ಮೇಲೆ ಕೇಳಿಬರುವ ನಮ್ಮ ಮುಳುಬಾಗಿಲು, ಶ್ರೀನಿವಾಸಪುರಗಳ ಸೀಮೆಯವರಿಗೆ ಇದು ಇಮ್ಮಡಿ ಸಂತೋಷದ ಸಂಗತಿ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಮೂಲವನ್ನು ಪ್ರಕಟಿಸಿದ ಮೇಲೆ ಲೋಕವೆಲ್ಲವೂ ಇದನ್ನು ಅರಿಯಿತು.

ಸಕಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಭೆಗಳಲ್ಲಿ ಘೋಷಿಸುವವರೂ ಉಂಟು. ಅವರಿಗೆ ಏನೂ ತಿಳಿದಿರಲಿಲ್ಲವೆಂದು ನಗುವವರೂ ಉಂಟು. ಇಬ್ಬರೂ ಗ್ರಂಥವನ್ನು ಬಿಚ್ಚಿ ನೋಡಿದವರಲ್ಲ. ಆಚಾರ್ಯನ ಒಂದು ಸೂತ್ರ ಬಹುಮಟ್ಟಿಗೆ ನಿಂತಿತು, ಮತ್ತೊಂದು ನಿಲ್ಲಲಿಲ್ಲ. ಎರಡನ್ನೂ ಹೇಳುವುದೇ ಆತನಿಗೆ ಸಲ್ಲಿಸತಕ್ಕ ಗೌರವ. ಸಂಶಯವಿದ್ದವರು ಹಲಗೆಯ ಮೇಲೆ 8 ಅಂಗುಲ ಅಂತರದಲ್ಲಿ ಎರಡು ಮೊಳೆಗಳನ್ನು ಹೊಡೆದು, ನಡುವೆ 10 ಅಂಗುಲ ಉಳಿಯುವಂತೆ ದಾರದ ತುದಿಗಳನ್ನು ಅವಕ್ಕೆ ಕಟ್ಟಿ, ದಾರವನ್ನು ಸೀಸದಕಡ್ಡಿಯಿಂದ ಬಿಗಿಹಿಡಿದು ಸುತ್ತಲೂ ಎಳೆಯಲಿ. ಮೇಲೆ ಹೇಳಿದ ಆಯತವೃತ್ತವೇ ಮೂಡುವುದು. ಅನಂತರ ಮನೆಯ ಮಕ್ಕಳಿಂದಲೇ ಅಳತೆ ಮಾಡಿಸಲಿ.