ಬಸ್ತಿಹಳ್ಳಿಯ ಎರಡು ಶಾಸನಗಳು ಮತ್ತು ಸಾರಾಂಶದ ಸಾಕ್ಷ್ಯ

ಹಳೇಬೀಡಿಗೆ ಬರುವ ಯಾತ್ರಿಕರಲ್ಲಿ ಹೊಯ್ಸಳೇಶ್ವರನನ್ನು ನೋಡಿ ಹಿಂದಿರುಗುವವರೇ ಹೆಚ್ಚು. ಬಸ್ತಿಹಳ್ಳಿಯ ಜಿನಾಲಯಗಳವರೆಗೆ ನಡೆದುಹೋಗುವವರು ಕಡಮೆ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳು ಅಲ್ಲಿವೆ. ಇವುಗಳಲ್ಲಿ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ನುಣುಪಾಗಿರುವುವೆಂದು ಪ್ರಸಿದ್ಧವಾಗಿವೆ. ಈ ಬಸದಿಯ ಕಂಬಗಳೇ ಹದಿನೇಳನೆಯ ಶತಮಾನದಲ್ಲಿ ಒಂದು ವ್ಯಾಜ್ಯಕ್ಕೆ ಕಾರಣವಾದವು. ಆ ವ್ಯಾಜ್ಯವನ್ನು ನಾವು ಇಲ್ಲಿ ಎತ್ತಿಕೊಂಡಿರುವುದು ಮತಕಲಹದ ಕಥೆಯನ್ನು ಹೇಳುವುದಕ್ಕಲ್ಲ. ದೀರ್ಘವಾದ ದಾಖಲೆಗಳ ಸಾರಾಂಶವನ್ನು ಎಷ್ಟರಮಟ್ಟಿಗೆ ಸಾಕ್ಷ್ಯವೆಂದು ಒಪ್ಪಬಹುದೆಂಬ ಪ್ರಶ್ನೆಯನ್ನು ಅದರ ಮೂಲಕ ಪರೀಕ್ಷಿಸುವುದು ನಮ್ಮ ಉದ್ದೇಶ.

ನ್ಯಾಯಾಲಯಗಳಿಗೆ ಈ ಪ್ರಶ್ನೆ ಹೊಸದಲ್ಲ. ಮೂಲಪತ್ರಗಳು ಬಹುಸಂಖ್ಯೆಯವಾಗಿದ್ದು, ಅವನ್ನು ನ್ಯಾಯಾಲಯದಲ್ಲಿ ಅನುಕೂಲವಾಗಿ ಪರಿಶೀಲಿಸಲಾಗದೆ, ಸಾಬೀತಾಗಬೇಕಾದ ಸಂಗತಿಯು ಅವೆಲ್ಲವುಗಳ ಒಟ್ಟು ಫಲಿತಾಂಶವೇ ಆಗಿದ್ದರೆ, ಅವನ್ನು ಪರೀಕ್ಷಿಸಿದ ನಿಪುಣನು ಆ ಫಲಿತಾಂಶವನ್ನು ಸಾಕ್ಷಿಯಾಗಿ ನುಡಿಯಬಹುದೆಂದು 1872ರ ಭಾರತದ ಸಾಕ್ಷ್ಯ ಕಾಯಿದೆಯ 65ನೆಯ ಪ್ರಕರಣವು ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೆಯ ಪ್ರಕರಣದಲ್ಲಿಯೂ ಇದೇ ತತ್ತ್ವ ಉಳಿದುಕೊಂಡಿದೆ. ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮಗಳಲ್ಲಿ 1006ನೆಯದು, ಮೂಲಗಳು ಎದುರುಪಕ್ಷದವರ ಪರಿಶೀಲನೆಗೆ ದೊರೆಯುವಂತಿರಬೇಕೆಂಬುದನ್ನೂ ಸೇರಿಸುತ್ತದೆ. ಇಲ್ಲಿ ಗಮನಿಸತಕ್ಕದ್ದು ‘ಒಟ್ಟು ಫಲಿತಾಂಶ’ ಎಂಬ ಮಾತು. ನೂರು ಲೆಕ್ಕದ ಪುಸ್ತಕಗಳ ಮೊತ್ತವನ್ನು ಲೆಕ್ಕಿಗನು ಹೇಳಬಹುದು. ಆದರೆ ಒಂದು ಕರಾರಿನ ಷರತ್ತು ಏನೆಂಬುದು ವಿವಾದವಾದಾಗ ಮೊತ್ತದ ಮಾತೇ ಇಲ್ಲ. ಕರಾರನ್ನೇ ತಂದು ಓದಬೇಕು.

ನಮ್ಮ ಶಾಸನಾಭ್ಯಾಸಕ್ಕೂ ಈ ಭೇದ ಹೊಂದುತ್ತದೆ. ಬಿ. ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ, ಅಂದರೆ ಹಾಸನ ಜಿಲ್ಲೆಯ ಶಾಸನಗಳು, 1902ರಲ್ಲಿ ಪ್ರಕಟವಾಯಿತು. ಶಾಸನಪಾಠ, ಲಿಪ್ಯಂತರ, ಇಂಗ್ಲಿಷ್ ಅನುವಾದಗಳಲ್ಲದೆ ಆ ಸಂಪುಟಕ್ಕೆ ಒಂದು ವಿಸ್ತಾರವಾದ ಪೀಠಿಕೆಯೂ ಇದೆ. ಒಂದು ಜಿಲ್ಲೆಯ ಶಾಸನರಾಶಿಯನ್ನೆಲ್ಲ ಓದಿದ ನಿಪುಣರ ಸಾಕ್ಷ್ಯವದು. ಹೊಯ್ಸಳರ ವಂಶಾನುಕ್ರಮವನ್ನೋ ರಾಜ್ಯವಿಸ್ತಾರವನ್ನೋ ತಿಳಿಯಬಯಸುವವನು ಅದನ್ನು ಧಾರಾಳವಾಗಿ ನಂಬಬಹುದು. ತೊಡಕು ಬರುವುದು ಆ ಪೀಠಿಕೆಯಿಂದ ಪಠ್ಯಪುಸ್ತಕವೂ, ಪಠ್ಯಪುಸ್ತಕದಿಂದ ಪರೀಕ್ಷೆಯ ಟಿಪ್ಪಣಿಯೂ ಹುಟ್ಟಿ, ಕಡೆಗೆ ಒಂದೇ ವಾಕ್ಯ ಉಳಿದಾಗ. (ನಾವು ಅಧ್ಯಾಪಕರೂ ಇದರಲ್ಲಿ ನಿರಪರಾಧಿಗಳಲ್ಲ.)

ಮೊದಲಿಗೆ ಕ್ರಿ. ಶ. 1133ರ ಶಾಸನ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ಈ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನೆಂಬುದು ಟಿಪ್ಪಣಿಗಳಲ್ಲಿ ಉಳಿಯುವ ಸಂಗತಿ. ಅದು ಸುಳ್ಳಲ್ಲ. ಆದರೆ ಶಾಸನ ಮುಂದುವರಿಯುತ್ತದೆ. ಪ್ರತಿಷ್ಠೆಯಾದ ಬಳಿಕ ಅರ್ಚಕರು ಶೇಷೆಯನ್ನು ತೆಗೆದುಕೊಂಡು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ಆಗತಾನೆ ಅರಸನಿಗೆ ಯುದ್ಧದಲ್ಲಿ ಜಯವೂ ಲಕ್ಷ್ಮೀದೇವಿಯಲ್ಲಿ ಪುತ್ರೋತ್ಸವವೂ ಒದಗಿದ್ದವು. ಅವನು ಎದ್ದು ನಿಂತು ಕೈಮುಗಿದು ಗಂಧೋದಕವನ್ನೂ ಶೇಷೆಯನ್ನೂ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಜಾವಗಲ್ಲನ್ನು ದತ್ತಿಯಾಗಿ ಬಿಟ್ಟನು. ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಮೇಲೆ ವಿಷ್ಣುವರ್ಧನನು ಜೈನರನ್ನು ಪೀಡಿಸಿದನೆಂಬ ಐತಿಹ್ಯಕ್ಕೆ ಇದಕ್ಕಿಂತ ಬಲವಾದ ಪ್ರತಿಸಾಕ್ಷ್ಯ ದೊರೆಯುವುದು ಕಷ್ಟ. ಬಸದಿಯ ನಿರ್ಮಾಣವನ್ನಷ್ಟೇ ಹೇಳಿ ನಿಲ್ಲುವ ಸಾರಾಂಶದಲ್ಲಿ ಈ ಸಾಕ್ಷ್ಯವೇ ಕಾಣೆಯಾಗುತ್ತದೆ.

ಎರಡನೆಯದು ಇದೇ ಬಸದಿಗೆ ಸಂಬಂಧಿಸಿದ, ಬೇಲೂರಿನ ವೆಂಕಟಾದ್ರಿನಾಯಕನ ಕಾಲದ, 1638ರ ಶಾಸನ. ನಾವು ಮೊದಲು ಹೇಳಿದ ವ್ಯಾಜ್ಯ ಇದರಲ್ಲಿದೆ. ಹುಚ್ಚಪ್ಪದೇವರೆಂಬವರು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಜೈನರ ಮುಖಂಡರು ವೀರಶೈವ ಮಹಾಮಹತ್ತಿನಲ್ಲಿ ಬಿನ್ನವಿಸಿಕೊಳ್ಳಲು, ಮಹಾಮಹತ್ತಿನವರು ತೀರ್ಪು ಕೊಟ್ಟರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ಪೂಜೆ ಮೊದಲಾದ ಜಿನಕಾರ್ಯಗಳನ್ನು ಪೂರ್ವದ ಮರ್ಯಾದೆಯಂತೆ ಆಚಂದ್ರಾರ್ಕವಾಗಿ ನಡೆಸಿಕೊಂಡು ಬರತಕ್ಕದ್ದೆಂಬುದು ಅದರ ತಾತ್ಪರ್ಯ.

ಈ ಶಾಸನದಿಂದ ಎರಡು ಸಾರಾಂಶಗಳನ್ನು ತೆಗೆಯಬಹುದು. ವೀರಶೈವರು ತಮ್ಮ ಆಚಾರವನ್ನು ಜೈನರ ಮೇಲೆ ಹೇರಿದರೆಂಬುದು ಒಂದು. ಕನ್ನಡ ನಾಡಿನ ಪರಮತಸಹಿಷ್ಣುತೆಗೆ ಇದು ನಿದರ್ಶನವೆಂಬುದು ಇನ್ನೊಂದು. ವಿಭೂತಿ ವೀಳ್ಯಗಳ ಮಾತನ್ನು ಮಾತ್ರ ಇಟ್ಟುಕೊಂಡವನಿಗೆ ಮೊದಲನೆಯದೂ, ಪೂರ್ವಮರ್ಯಾದೆಯ ಮಾತನ್ನು ಮಾತ್ರ ಇಟ್ಟುಕೊಂಡವನಿಗೆ ಎರಡನೆಯದೂ ಸಿದ್ಧವಾಗಿ ದೊರೆಯುತ್ತದೆ. ‘ಮೊದಲು’, ‘ಅನಂತರ’ ಎಂಬ ಕ್ರಮವೇ ಇಲ್ಲಿ ತೀರ್ಪಿನ ಜೀವ. ಇದು ಕರಾರಿನ ಷರತ್ತು, ಲೆಕ್ಕದ ಮೊತ್ತವಲ್ಲ. ಅಲ್ಲದೆ ಈ ಕಲ್ಲೂ ಒಂದು ಸಾರಾಂಶವೇ ಎಂಬುದನ್ನು ಮರೆಯಲಾಗದು. ವಿಜಯಪ್ಪನು ತನ್ನ ಪಕ್ಷವನ್ನು ಹೇಗೆ ವಾದಿಸಿದನು, ಹುಚ್ಚಪ್ಪದೇವರು ಏನೆಂದು ಉತ್ತರವಿತ್ತರು ಎಂಬುದು ಇದರಲ್ಲಿಲ್ಲ. ತೀರ್ಪಿತ್ತವರು ಉಳಿಸಬೇಕೆಂದು ಎಣಿಸಿದ್ದು ಮಾತ್ರ ಉಳಿದಿದೆ. 1368ರಲ್ಲಿ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವ್ಯಾಜ್ಯವನ್ನು ತೀರಿಸಿದ ಶ್ರವಣಬೆಳಗೊಳದ ಶಾಸನವನ್ನು ಓದುವಾಗಲೂ ಈ ಎಚ್ಚರ ಅಗತ್ಯ.

ಇನ್ನು ಶಾಪವಾಕ್ಯ. ಶಾಸನಗಳ ಕೊನೆಯಲ್ಲಿ ಬರುವ ಈ ಭಾಗವನ್ನು ವಾಡಿಕೆಯ ಮಾತೆಂದು ಎಣಿಸಿ ಸಾರಾಂಶಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಮಾತು ಎಲ್ಲೆಡೆಯೂ ಬರುವುದರಿಂದ ಆ ಅಭ್ಯಾಸಕ್ಕೆ ಕಾರಣವಿಲ್ಲದಿಲ್ಲ. ಆದರೆ 1638ರ ಶಾಸನದಲ್ಲಿ ಈ ಜೈನಧರ್ಮಕ್ಕೆ ತಪ್ಪಿ ನಡೆದವನು ಶಿವನಿಗೆ, ಜಂಗಮಕ್ಕೆ, ವಿಭೂತಿ ರುದ್ರಾಕ್ಷಿಗಳಿಗೆ, ಕಾಶಿ ರಾಮೇಶ್ವರಗಳ ಲಿಂಗಗಳಿಗೆ ದ್ರೋಹಿಯೆಂದು ಹೇಳಿದೆ. ಜೈನನೊಬ್ಬನಿಗೆ ಈ ಶಾಪದ ಭಯ ಎಷ್ಟರದು? ಇದು ತಟ್ಟುವುದು ಶೈವನಿಗೆ. ಮಹಾಮಹತ್ತಿನವರು ಷರತ್ತನ್ನು ವಿಧಿಸಿದ್ದು ಜೈನರಿಗಾದರೂ ಶಾಪದಿಂದ ಕಟ್ಟಿಹಾಕಿದ್ದು ತಮ್ಮವರನ್ನೇ ಎಂಬುದು ಈ ಕೊನೆಯ ಸಾಲುಗಳನ್ನು ಓದಿದವನಿಗೆ ಮಾತ್ರ ವಿದಿತವಾಗುತ್ತದೆ.